ಬ್ರಷ್ಷನ್ನು ಉಜ್ಜುವವರು ಯಾರು

ಬೀದಿಯವರು ಅವಳಿಗೆ ತೊಳೆಯಮ್ಮ ಎಂದು ಹೆಸರಿಟ್ಟದ್ದು ಮೆಚ್ಚಿಕೊಂಡಲ್ಲ. ಆದರೆ ಅವಳು ಅದನ್ನು ಬಿರುದೆಂದೇ ತಿಳಿದು ತಲೆಯೆತ್ತಿ ಓಡಾಡುತ್ತಿದ್ದಳು. ಕೊಳೆ ಕಂಡರೆ ಅವಳಿಗೆ ಸಿಟ್ಟು, ಕಾಣದಿದ್ದರೆ ಅನುಮಾನ. ಬಸ್ ನಿಲ್ದಾಣದ ಎದುರಿನ ದೊಡ್ಡ ಲಾಡ್ಜಿನಲ್ಲಿ ನೆಲ ಒರೆಸುವ, ಬಚ್ಚಲು ಉಜ್ಜುವ ಹೆಂಗಸರಿಗೆಲ್ಲ ಅವಳೇ ಮೇಸ್ತ್ರಿ. ಅವಳು ಒರೆಸಿದ ನೆಲ ಒಣಗುವ ತನಕ ಮ್ಯಾನೇಜರು ಕೂಡ ಹೊಸ್ತಿಲಾಚೆ ನಿಂತು ಕಾಯುತ್ತಿದ್ದ. ಅವಳ ಗಂಡ ಚಪ್ಪಲಿ ಎಲ್ಲಿ ಬಿಡಬೇಕು ಎಂಬ ಒಂದೇ ವಿಷಯಕ್ಕೆ ಬಾಳೆಲ್ಲ ಬೈಸಿಕೊಂಡು, ಕೊನೆಗೊಂದು ದಿನ ಚಪ್ಪಲಿ ಸರಿಯಾದ ಜಾಗದಲ್ಲೇ ಬಿಟ್ಟು ತೀರಿಕೊಂಡಿದ್ದ.

ಲಾಡ್ಜಿನವರು ಕೊಡುವ ಬ್ರಷ್ಷುಗಳನ್ನು ಅವಳು ಮುಟ್ಟುತ್ತಿರಲಿಲ್ಲ. ಹತ್ತು ಕೈ ಹಿಡಿದ ಬ್ರಷ್ಷಿಗೆ ಹತ್ತು ಮನೆಯ ಕೊಳೆ ಎನ್ನುವಳು. ಅದಕ್ಕೇ ಅವಳದೊಂದು ಸ್ವಂತ ಬ್ರಷ್ಷಿತ್ತು. ಮರದ ಹಿಡಿ, ಗಟ್ಟಿ ನಾರಿನ ಹಲ್ಲು, ಅವಳ ಅಂಗೈಯ ಆಕಾರಕ್ಕೇ ಸವೆದು ಹೋಗಿತ್ತು. ಬೆಳಿಗ್ಗೆ ಚೀಲದಲ್ಲಿ ಹಾಕಿಕೊಂಡು ಹೋಗಿ ಸಂಜೆ ಅದೇ ಚೀಲದಲ್ಲಿ ಮನೆಗೆ ತರುವಳು. ಊಟದ ಡಬ್ಬಿ ಮರೆತ ದಿನ ಇತ್ತು, ಬ್ರಷ್ಷು ಮರೆತ ದಿನ ಇಲ್ಲ. ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಅದಕ್ಕೆಂದೇ ಹೊಡೆದ ಮೊಳೆಗೆ ನೇತುಹಾಕುವಳು. ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ.

ಮನೆಯಲ್ಲಿ ಬೇರೆಯವರು ಎಂದರೆ ಒಬ್ಬಳೇ, ಅವಳ ತಂಗಿ. ಮದುವೆ ಬೇಡವೆಂದು ಹೊಲಿಗೆ ಮೆಷಿನ್ನು ಕಟ್ಟಿಕೊಂಡವಳು. ಐವತ್ತು ಹತ್ತಿರವಾದರೂ ಅಕ್ಕನ ಬಾಯಲ್ಲಿ ಇನ್ನೂ 'ಏ ಹುಡುಗಿ'. ಮುಂದಿನ ಕೋಣೆಯಲ್ಲಿ ಅವಳ ಮೆಷಿನ್ನು, ಹಿಂದಿನ ಕೋಣೆಯಲ್ಲಿ ಅವಳ ಬೆಕ್ಕಿನ ಮರಿಗಳು. ಊರಿನಾಚೆ ಪ್ರಾಣಿಗಳ ಆಶ್ರಮವೊಂದಿತ್ತು. ತಾಯಿ ಸತ್ತ, ಬೀದಿಯಲ್ಲಿ ಸಿಕ್ಕ ಮರಿಗಳನ್ನು ಅವರು ಇಂಥ ಮನೆಗಳಿಗೆ ಕೊಡುತ್ತಿದ್ದರು. ಬಾಟಲಿಯಲ್ಲಿ ಹಾಲು ಕುಡಿಸಿ, ಸಾಕಿ, ದೊಡ್ಡವಾದ ಮೇಲೆ ವಾಪಸು ಕೊಡಬೇಕು. ಸಾಕಿ ಸಾಕಿ ಕೊಟ್ಟುಬಿಡುವುದಕ್ಕೆ ಯಾಕೆ ಸಾಕಬೇಕು ಎಂದು ಅಕ್ಕ ಕೇಳುವಳು. ಹೊಲಿದ ರವಿಕೆಯನ್ನೂ ಕೊಟ್ಟುಬಿಡ್ತೀನಲ್ಲ ಎಂದು ತಂಗಿ ಹೇಳುವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು, ಅಕ್ಕನ ಆಸೆ ಮುಗಿಯುತ್ತಿರಲಿಲ್ಲ. ಆ ಹಿಂದಿನ ಕೋಣೆಗೆ ಎರಡು ಕಡೆ ಕಿಟಕಿ, ಬೆಳಿಗ್ಗೆಯೂ ಬಿಸಿಲು, ಮಧ್ಯಾಹ್ನವೂ ಬಿಸಿಲು. ಗೋಡೆಯಿಂದ ಗೋಡೆಗೆ ನಾಲ್ಕು ಹಗ್ಗ ಕಟ್ಟಿದರೆ ಬಟ್ಟೆ ಒಣಗಿಸುವುದಕ್ಕೆ ಅಂಥ ಕೋಣೆ ಇಡೀ ಬೀದಿಯಲ್ಲೇ ಇಲ್ಲ ಎಂಬುದು ಅಕ್ಕನ ಹಳೆಯ ಕೊರಗು.

ಈ ಸಲ ಬಂದದ್ದು ಮೂರು ಮರಿ. ದರ್ಜಿ ಇಟ್ಟ ಹೆಸರುಗಳು ಇನ್ನು ಹೇಗಿರುತ್ತವೆ? ಗುಂಡಿ, ದಾರ, ತೇಪೆ. ಒಂದು ತಿಂಗಳಿಗೂ ಮೇಲೆ ಮೂರೂ ಚೆನ್ನಾಗಿಯೇ ಇದ್ದವು, ಪರದೆ ಹತ್ತಿದವು, ಅಳತೆ ಟೇಪು ಕಚ್ಚಿದವು, ಗಿರಾಕಿಯೊಬ್ಬಳ ತೋಳಿನ ಕಟಿಂಗಿನ ಮೇಲೆ ಮಲಗಿ ನಿದ್ದೆ ಮಾಡಿದವು. ಆಮೇಲೆ ಒಂದು ಬೆಳಿಗ್ಗೆ ದಾರ ಹಾಲು ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ವಾಂತಿ, ಸಂಜೆಗೆ ಭೇದಿ. ದಾರ ಹೋಯಿತು, ಅದರ ಹಿಂದೆಯೇ ಗುಂಡಿಯೂ ಹೋಯಿತು. ತೇಪೆಯನ್ನು ತಂಗಿ ಟವೆಲಿನಲ್ಲಿ ಸುತ್ತಿಕೊಂಡು ಪ್ರಾಣಿ ಡಾಕ್ಟರ ಹತ್ತಿರ ಓಡಿದಳು. ಡ್ರಿಪ್ಪು, ಸೂಜಿ ಎಲ್ಲ ಆಗಿ, ಅದು ಹೇಗೋ ಬದುಕಿ ಬಂತು. ಬಂದಾಗ ಮೈಮೇಲೆ ಚರ್ಮಕ್ಕಿಂತ ಹೆಚ್ಚಿಗೆ ಏನೂ ಇರಲಿಲ್ಲ.

ಡಾಕ್ಟರು ತಂಗಿಗೆ ಹೇಳಿ ಕಳಿಸಿದ್ದನ್ನು ತಂಗಿ ಅಕ್ಕನಿಗೆ ಒಪ್ಪಿಸಿದಳು. ಇದು ಬೆಕ್ಕಿನಿಂದ ಬೆಕ್ಕಿಗೆ ಹರಡುವ ಕೆಟ್ಟ ಸೋಂಕು, ಮನುಷ್ಯರಿಗೆ ಬರುವುದಿಲ್ಲ, ಆದರೆ ಮನುಷ್ಯರೇ ಹೊತ್ತು ತರುತ್ತಾರೆ. ನೆಲದಲ್ಲಿ, ಬಟ್ಟೆಯಲ್ಲಿ, ಮರದಲ್ಲಿ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸೋಪಿಗೆ ಸಾಯುವುದಿಲ್ಲ, ಫಿನಾಯಿಲಿಗೂ ಸಾಯುವುದಿಲ್ಲ. ಅಷ್ಟೇ ಅಲ್ಲ, ಫಿನಾಯಿಲು ಬೆಕ್ಕುಗಳಿಗೇ ವಿಷ. ಮೊದಲು ಕೊಳೆ ತೊಳೆದು, ಆಮೇಲೆ ಬ್ಲೀಚಿನ ನೀರು ಹಾಕಿ, ಹತ್ತು ನಿಮಿಷ ಹಸಿಯಾಗಿಯೇ ಬಿಡಬೇಕು. ಬಟ್ಟೆ, ಬುಟ್ಟಿ, ಮರದ ಸಾಮಾನು ಇಂಥವನ್ನು ಎಸೆಯುವುದೇ ಒಳ್ಳೆಯದು.

ಫಿನಾಯಿಲಿನ ಮಾತು ಕೇಳಿ ತೊಳೆಯಮ್ಮನಿಗೆ ಮೈ ಉರಿಯಿತು. ಊರಿನ ಅರ್ಧ ಬಚ್ಚಲುಗಳ ಮಾನವನ್ನು ಅವಳು ಫಿನಾಯಿಲಿನಲ್ಲೇ ಕಾಪಾಡಿದ್ದಳು. ಬೆಕ್ಕಿನ ಬಾಲ ಹಿಡಿಯುವ ಡಾಕ್ಟರನಿಗೆ ನೆಲದ ಬಗ್ಗೆ ಏನು ಗೊತ್ತು ಎಂದು ಕೂಗಾಡಿದಳು. ಆದರೆ ಬ್ಲೀಚು, ಹತ್ತು ನಿಮಿಷ, ಎಸೆಯುವುದು ಎಂಬ ಮಾತುಗಳು ಕಿವಿಗೆ ಬಿದ್ದಾಗ ಅವಳ ಸಿಟ್ಟು ನಿಧಾನವಾಗಿ ಉತ್ಸಾಹಕ್ಕೆ ತಿರುಗಿತು. ಹುಷಾರಿಲ್ಲದ ದಿನವೂ ರಜೆ ಹಾಕದವಳು ಲಾಡ್ಜಿಗೆ ರಜೆ ಹೇಳಿ ಕಳಿಸಿದಳು. ಸೀರೆ ಎತ್ತಿ ಕಟ್ಟಿದಳು. ಕಿಟಕಿಗಳನ್ನೆಲ್ಲ ತೆಗೆದಳು.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ತೊಳೆಯುವುದು ಎನ್ನುವುದಕ್ಕಿಂತ ವಿಚಾರಣೆ ಎನ್ನಬಹುದು. ಒಂದೊಂದು ಸಾಮಾನೂ ಅವಳ ಮುಂದೆ ಬಂದು ನಿಲ್ಲಬೇಕು, ಅವಳು ತೀರ್ಪು ಕೊಡಬೇಕು. ಮರಿಗಳು ಮಲಗುತ್ತಿದ್ದ ಬೆತ್ತದ ಬುಟ್ಟಿ, ಎಸಿ. ತಂಗಿ ಕೂತು ಹಾಲು ಕುಡಿಸುತ್ತಿದ್ದ ಮರದ ಸ್ಟೂಲು, ಎಸಿ. ದಿಂಬು, ಚಾಪೆ, ಪರದೆ, ಬಟ್ಟೆ ಚೂರಿನ ಮೂಟೆ, ಎಲ್ಲ ಎಸಿ. ಗಿರಾಕಿಗಳು ಬಿಟ್ಟುಹೋದ ಚೂರುಗಳನ್ನು ಕೂಡಿಸಿ ತಂಗಿ ವರ್ಷಗಟ್ಟಲೆ ಹೊಲಿದ ಕೌದಿಯೊಂದಿತ್ತು, ಯಾರ ಮದುವೆಯ ಯಾವ ರವಿಕೆ ಎಂದು ಅವಳು ಒಂದೊಂದು ಚೌಕದ ಮೇಲೂ ಬೆರಳಿಟ್ಟು ಹೇಳಬಲ್ಲವಳಾಗಿದ್ದಳು. ಕುದಿಸಿ ಬ್ಲೀಚು ಹಾಕಿದರೆ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರು ಎಂದು ತಂಗಿ ಮೆಲ್ಲಗೆ ಹೇಳಿ ನೋಡಿದಳು. ಉಳಿಯಬಹುದು ಎನ್ನುವುದು ಕೆಲಸಗಳ್ಳರ ಮಾತು ಎಂದು ಅಕ್ಕ ಕೌದಿಯನ್ನೂ ಕೋಲಿನಲ್ಲಿ ಎತ್ತಿ ಚೀಲಕ್ಕೆ ತುರುಕಿದಳು.

ಸಂಜೆ ಹೊತ್ತಿಗೆ ಅಂಗಳದಲ್ಲಿ ದೊಡ್ಡ ರಾಶಿ ಬಿತ್ತು. ತಂಗಿಯ ಅರ್ಧ ಬದುಕು ಅದರಲ್ಲಿತ್ತು. ಅಕ್ಕನದು ಎಂದು ಒಂದು ಚಿಂದಿಯೂ ಇರಲಿಲ್ಲ.

ಆ ರಾಶಿಯನ್ನು ನೋಡುತ್ತ ನಿಂತ ತಂಗಿ ಒಂದೇ ಒಂದು ಮಾತು ಕೇಳಿದಳು. "ಅಕ್ಕ, ಮರದ್ದೆಲ್ಲ ಎಸೀಬೇಕು ಅಂದ್ರಲ್ಲ. ನಿನ್ನ ಬ್ರಷ್ಷಿನ ಹಿಡೀನೂ ಮರದ್ದೇ ಅಲ್ವಾ?"

ತೊಳೆಯಮ್ಮನಿಗೆ ನಗು ಬಂತು. "ಏ ಹುಡುಗಿ, ತೊಳೆಯೋದನ್ನೇ ತೊಳೀತಾರೇನೇ? ಸೋಪಿಗೆ ಯಾರಾದ್ರೂ ಸ್ನಾನ ಮಾಡಿಸ್ತಾರಾ?"

ಹಾಗೆಂದು ಅದೇ ಬ್ರಷ್ಷಿನಿಂದ ಹಿಂದಿನ ಕೋಣೆಯ ನೆಲವನ್ನು ಇನ್ನೊಂದು ಸಲ ಉಜ್ಜಿದಳು.

ಕೋಣೆಯ ಬಾಗಿಲಲ್ಲಿ ಅಗಲವಾದ ಪ್ಲಾಸ್ಟಿಕ್ ತಟ್ಟೆಯಿಟ್ಟು ಅದರಲ್ಲಿ ಬ್ಲೀಚಿನ ನೀರು ತುಂಬಿಸಿದಳು. ಒಳಗೆ ಹೋಗುವಾಗ, ಹೊರಗೆ ಬರುವಾಗ ಅದರಲ್ಲಿ ನಿಂತೇ ಬರಬೇಕು. ಡಾಕ್ಟರು ಹೇಳಿದ್ದು ಚಪ್ಪಲಿಗೆ. ಕಾಲೇನು ಚಪ್ಪಲಿಗಿಂತ ಮೇಲಾ ಎಂದು ಅಕ್ಕ ಬರಿಗಾಲಿಗೇ ಕಾನೂನು ಮಾಡಿದಳು. ತೇಪೆಗೆ ಹೊತ್ತು ಹೊತ್ತಿಗೆ ಔಷಧಿ ಕುಡಿಸಲು ತಂಗಿ ಎಷ್ಟು ಸಲ ಹೋದಳೋ ಅಷ್ಟು ಸಲವೂ ಅಕ್ಕ ಅಡುಗೆಮನೆಯಿಂದಲೇ, ನಿಂತ್ಯಾ, ಹೆಬ್ಬೆರಳು ಮುಳುಗ್ತಾ ಎಂದು ಕೂಗುವಳು. ತಂಗಿಯ ಹಿಮ್ಮಡಿ ಬಿರಿಯಿತು. ಅವಳು ದೂರಲಿಲ್ಲ. ಸತ್ತ ಎರಡು ಮರಿಗಳ ಋಣ ತನ್ನ ಕಾಲಿನಿಂದಲೇ ತೀರಲಿ ಎಂಬಂತೆ ನಿಲ್ಲುತ್ತಿದ್ದಳು. ಅಕ್ಕನಂತೂ ಮನೆಗೆ ಬಂದವರ ಮುಂದೆಲ್ಲ, ಇಂಥ ಮನೆಗೂ ರೋಗ ತಂದಳಲ್ಲ ಇವಳು ಎಂದು ಹೇಳಿಕೊಂಡು ತಿರುಗಿದಳು.

ಆಶ್ರಮದಿಂದ ಬೆಕ್ಕಿನ ಮೇಡಂ ಬರುವ ದಿನ ಗೊತ್ತಾಯಿತು. ಮರಿಗಳನ್ನು ಮನೆಮನೆಗೆ ಹಂಚುವವಳು ಆಕೆಯೇ. ಮನೆ ನೋಡಿ, ತೇಪೆ ಇಲ್ಲೇ ಇರಬಹುದೋ, ಇಲ್ಲ ಆಶ್ರಮದ ಕಬ್ಬಿಣದ ಗೂಡಿಗೆ ಹೋಗಬೇಕೋ ಎಂದು ಆಕೆ ಹೇಳುವವಳಿದ್ದಳು. ಈ ಮನೆಗೆ ಮುಂದೆ ಎಂದಾದರೂ ಬೆಕ್ಕು ಕೊಡುವುದೋ ಬೇಡವೋ ಎಂಬುದೂ ಅವತ್ತೇ ತೀರ್ಮಾನ. ತಂಗಿ ಎರಡು ದಿನ ಮೆಷಿನ್ನು ತುಳಿಯಲಿಲ್ಲ. ನೂಲು ಪೋಣಿಸಲು ಹೋದರೆ ಸೂಜಿಯ ಕಣ್ಣು ಸಿಗುತ್ತಿರಲಿಲ್ಲ.

ಮೇಡಂ ಬಂದಳು. ತೆಳ್ಳಗೆ, ಉದ್ದಕ್ಕೆ, ಕೈತುಂಬ ಬೆಕ್ಕು ಪರಚಿದ ಗೆರೆಗಳು. ಹೇಳಿಸಿಕೊಳ್ಳದೆ ತಾನೇ ತಟ್ಟೆಯಲ್ಲಿ ಕಾಲಿಟ್ಟಳು, ಅದೊಂದಕ್ಕೇ ತೊಳೆಯಮ್ಮನಿಗೆ ಆಕೆಯ ಮೇಲೆ ಗೌರವ ಬಂತು. ಬೆರಳಿನಲ್ಲಿ ಕಿಟಕಿಯ ಸಂದು ಸವರಿ ನೋಡಿದಳು. ಬಾಗಿಲ ಹಿಂದೆ ನೋಡಿದಳು. ಹಾಲಿನ ಬಾಟಲಿಗಳನ್ನು ಮೂಸಿದಳು. ಆಸ್ಪತ್ರೆ ಕೂಡ ಇಷ್ಟು ಚೆನ್ನಾಗಿ ಇರುವುದಿಲ್ಲ ಎಂದಳು. ತೊಳೆಯಮ್ಮ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಒರಗಿ ನಿಂತಳು. ಆಹಾ ಎನ್ನಿಸಿತು.

ಆದರೆ ಮೇಡಂ ಹೋಗಲು ಏಳಲಿಲ್ಲ. ತೇಪೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದು ಮಾತು ತನಗೆ ತಿಳಿಯುತ್ತಿಲ್ಲ ಎಂದಳು. ಈ ರೋಗ ತಗುಲಿದರೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಈ ಮರಿಗಳು ಇಲ್ಲಿಗೆ ಬಂದು ತಿಂಗಳ ಮೇಲಾಗಿತ್ತು. ಇವುಗಳ ಜೊತೆ ಬೇರೆ ಮನೆಗಳಿಗೆ ಹೋದ ಮರಿಗಳೆಲ್ಲ ಚೆನ್ನಾಗಿವೆ. ಅಂದರೆ ರೋಗ ಮರಿಗಳ ಜೊತೆ ಬರಲಿಲ್ಲ. ಆಮೇಲೆ ಯಾರೋ ಈ ಮನೆಯೊಳಗೆ ತಂದರು. ಯಾವ ದಾರಿಯಲ್ಲಿ ಬಂತು ಎಂದು ತಿಳಿಯದೆ ಇದ್ದರೆ, ನೀವು ಎಷ್ಟು ತೊಳೆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇವತ್ತು ಹೋದದ್ದು ನಾಳೆ ಅದೇ ದಾರಿಯಲ್ಲಿ ಬರುತ್ತದೆ. ಆದ್ದರಿಂದ ಅದು ತಿಳಿಯುವ ತನಕ ಈ ಮನೆಯಲ್ಲಿ ಬೆಕ್ಕು ಬಿಡಲಾರೆ ಎಂದಳು. ಬೇರೆಲ್ಲಾದರೂ ಬೆಕ್ಕಿರುವ ಕಡೆ ಹೋಗಿದ್ದಿರಾ, ವಾಂತಿ ಮಾಡಿಕೊಂಡ ಬೆಕ್ಕನ್ನೇನಾದರೂ ಕಂಡಿರಾ ಎಂದು ಇಬ್ಬರನ್ನೂ ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ತೊಳೆಯಮ್ಮ ಹೆಗಲು ಮುಟ್ಟಿಕೊಳ್ಳಲಿಲ್ಲ. ಆದರೆ ಅವಳ ಬಲಗೈ ತಾನಾಗಿ ಮುಚ್ಚಿಕೊಂಡಿತು, ಬ್ರಷ್ಷು ಹಿಡಿದ ಹಾಗೆ.

ಲಾಡ್ಜಿನ ಹಿಂದೆ ಬಟ್ಟೆ ಒಗೆಯುವ ಶೆಡ್ಡಿದೆ. ಅಲ್ಲೊಂದು ಬೀದಿ ಬೆಕ್ಕು ಮರಿ ಹಾಕಿತ್ತು. ಮರಿಯೊಂದು ನೆಲದ ಮೇಲೆಲ್ಲ ಹಳದಿ ನೊರೆ ಕಾರಿಕೊಂಡಿತ್ತು. ಹೊಸದಾಗಿ ಸೇರಿದ ಕೆಲಸದವಳು ಅದರ ಮೇಲೆ ಒದ್ದೆ ಬಟ್ಟೆ ಎಳೆದು ಮುಗಿಯಿತು ಎಂದಿದ್ದಳು. ತೊಳೆಯಮ್ಮ ಅವಳನ್ನು ಪಕ್ಕಕ್ಕೆ ತಳ್ಳಿ, ಎಲ್ಲ ಹೆಂಗಸರನ್ನೂ ಕರೆದು ಸುತ್ತ ನಿಲ್ಲಿಸಿ, ಉಜ್ಜುವುದು ಎಂದರೆ ಏನು ಎಂದು ತನ್ನ ಸ್ವಂತ ಬ್ರಷ್ಷಿನಲ್ಲಿ ತೋರಿಸಿಕೊಟ್ಟಿದ್ದಳು. ಬ್ರಷ್ಷನ್ನು ಫಿನಾಯಿಲಿನಲ್ಲಿ ಚೆನ್ನಾಗಿ ಅದ್ದಿ ಮನೆಗೆ ತಂದಿದ್ದಳು. ಮಾರನೆಯ ದಿನ ತಂಗಿ ಮರಿಗಳ ಕೋಣೆ ಒರೆಸಿದ್ದು ಅವಳ ಮನಸ್ಸಿಗೆ ಬಂದಿರಲಿಲ್ಲ. ಆ ನೆಲವನ್ನೂ ತಾನೇ ಉಜ್ಜಿದ್ದಳು, ಮೂಲೆ ಮೂಲೆ ಬಿಡದೆ. ಅದೇ ವಾರ ದಾರ ಹಾಲು ಬಿಟ್ಟದ್ದು.

ಅವಳು ಬಾಯಿ ತೆರೆಯುವ ಮೊದಲೇ ತಂಗಿ ಮಾತಾಡಿದಳು. ಯಾರೋ ಗಿರಾಕಿಯ ಮನೆಗೆ ಅಳತೆ ತೆಗೆಯಲು ಹೋಗಿದ್ದಳಂತೆ, ಅವರ ಮನೆಯ ಬೆಕ್ಕು ಕಾಲಿಗೆ ಮೈ ತಿಕ್ಕಿತಂತೆ. ಅದಕ್ಕೆ ಕಾಯಿಲೆ ಇತ್ತೇ ಎಂದು ಮೇಡಂ ಕೇಳಿದಳು. ಇರಲಿಲ್ಲವೇನೋ, ದಪ್ಪಗಿತ್ತು, ತಿಂದು ಮಲಗಿತ್ತು ಎಂದಳು ತಂಗಿ. ಆದರೂ ಬೇರೆ ಯಾರಿದ್ದಾರೆ? ಅಕ್ಕನ ವಿಷಯ ನಿಮಗೆ ಗೊತ್ತಿಲ್ಲ, ಅವಳ ನೆರಳು ಬಿದ್ದ ಕಡೆ ಧೂಳು ಕೂರುವುದಿಲ್ಲ ಎಂದಳು.

"ನಾನೇ ತಂದಿರೋದು ಮೇಡಂ. ಕರ್ಕೊಂಡು ಹೋಗಿ ತೇಪೇನ. ನನಗೆ ಇದು ಸಾಕಾಯ್ತು," ಎಂದಳು ತಂಗಿ.

ಮೇಡಂ ಬೇಡ ಎನ್ನಲಿಲ್ಲ. ಜೀಪಿನಿಂದ ಪಂಜರ ತರಲು ಎದ್ದಳು. ತೊಳೆಯಮ್ಮ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಅಲ್ಲಿ ಮೊಳೆಯಲ್ಲಿ ಬ್ರಷ್ಷು ನೇತಾಡುತ್ತಿತ್ತು, ತೊಳೆದು, ಒಣಗಿ, ಹಲ್ಲುಗಳೆಲ್ಲ ನೆಟ್ಟಗೆ ನಿಂತು. ಕಳ್ಳನ ಹಾಗೆ ಕಾಣುತ್ತಲೇ ಇರಲಿಲ್ಲ. ಅವಳು ಅದರ ಮುಂದೆ ನಿಂತು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬೆಕ್ಕು ಹೋಗುತ್ತದೆ, ಕೋಣೆ ಖಾಲಿಯಾಗುತ್ತದೆ, ನಾಲ್ಕು ಹಗ್ಗ ಕಟ್ಟಬಹುದು. ಬೆಳಿಗ್ಗೆಯೂ ಬಿಸಿಲು, ಮಧ್ಯಾಹ್ನವೂ ಬಿಸಿಲು. ತಂಗಿ ನಾಲ್ಕು ದಿನ ಅತ್ತು ಐದನೆಯ ದಿನ ಮೆಷಿನ್ನು ತುಳಿಯುತ್ತಾಳೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಅವಳು ಕೂಡ ಒಂದು ಗಳಿಗೆ ಕಣ್ಣು ಮುಚ್ಚಿಯೇ ನೋಡಿದಳು.

ತೆರೆದಾಗ ಹಿಂಬಾಗಿಲಿನಿಂದ ಒಳಗೆ ಕಂಡಿತು. ತಂಗಿ ತೇಪೆಯನ್ನು ಎದೆಗೊತ್ತಿಕೊಂಡು ಕೋಣೆಯಿಂದ ಹೊರಗೆ ಬರುತ್ತಿದ್ದಳು. ಬೆಕ್ಕನ್ನೇ ಕೊಟ್ಟುಬಿಡುವ ಹೊತ್ತಿನಲ್ಲಿ ಇನ್ನು ಯಾವ ಕಾನೂನು? ಆದರೂ ಬಾಗಿಲಲ್ಲಿ ನಿಂತು, ಸೀರೆ ಸ್ವಲ್ಪ ಎತ್ತಿ, ಬಿರಿದ ಎರಡೂ ಕಾಲುಗಳನ್ನು ಬ್ಲೀಚಿನ ತಟ್ಟೆಯಲ್ಲಿಟ್ಟಳು. ಹೆಬ್ಬೆರಳು ಮುಳುಗಿತೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡಳು.

ತೊಳೆಯಮ್ಮನಿಗೆ ಬಂದದ್ದು ಕಣ್ಣೀರಲ್ಲ, ಸಿಟ್ಟು. ಯಾರ ಮೇಲೆ ಎಂದು ತಿಳಿಯದೆ ಬ್ರಷ್ಷನ್ನೇ ಮೊಳೆಯಿಂದ ಕಿತ್ತುಕೊಂಡು ದಡದಡ ಒಳಗೆ ನುಗ್ಗಿದಳು.

"ಮೇಡಂ, ಆ ಪಂಜರ ಕೆಳಗಿಡಿ. ಇವಳ ಮಾತು ಕಟ್ಕೊಂಡು ಏನು ಹೊರಟಿದೀರ ನೀವು? ಇವಳಿಗೆ ತಪ್ಪು ಮಾಡೋಕೂ ಬರಲ್ಲ, ತಪ್ಪು ಒಪ್ಕೊಳ್ಳೋಕೂ ಬರಲ್ಲ."

ಆಮೇಲೆ ಶೆಡ್ಡು, ಹಳದಿ ನೊರೆ, ಸುತ್ತ ನಿಂತ ಹೆಂಗಸರು, ಮಾರನೆಯ ದಿನದ ನೆಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೇಳಿದವರು ಇವಳು ತಪ್ಪು ಒಪ್ಪಿಕೊಳ್ಳುತ್ತಿದ್ದಾಳೆ ಎನ್ನುತ್ತಿರಲಿಲ್ಲ, ಯಾರನ್ನೋ ಬೈಯುತ್ತಿದ್ದಾಳೆ ಎನ್ನುತ್ತಿದ್ದರು. ಶೆಡ್ಡಿನಲ್ಲಿ ಬೆಕ್ಕು ಬಿಟ್ಟ ಮ್ಯಾನೇಜರನಿಗೆ ಒಂದು ಪಾಲು ಬಿತ್ತು, ಸರಿಯಾಗಿ ಒರೆಸದ ಹೊಸಬಳಿಗೆ ಒಂದು ಪಾಲು, ಫಿನಾಯಿಲು ಮಾಡುವವರಿಗೆ ಎರಡು ಪಾಲು. ಕೊನೆಗೆ ಬ್ರಷ್ಷನ್ನು ಮೇಡಂ ಮುಂದೆ ನೆಲದ ಮೇಲಿಟ್ಟಳು.

"ಇದೇ ಕಣಮ್ಮ ನಿಮ್ಮ ದಾರಿ. ಇದರ ಹಿಂದೆ ಇದ್ದ ಕೈ ನನ್ನದು."

ತಂಗಿ ಬ್ರಷ್ಷನ್ನು ನೋಡಿದಳು. ಅಂಗಳದಲ್ಲಿ ರಾಶಿ ಇದ್ದ ಜಾಗವನ್ನು ನೋಡಿದಳು, ಅದನ್ನು ಕಸದ ಗಾಡಿಯವರು ಎಂದೋ ಎತ್ತಿಕೊಂಡು ಹೋಗಿದ್ದರು.

"ನನ್ನ ಕೌದಿ ಎಸೆದ್ಯಲ್ಲ ಅಕ್ಕ," ಎಂದಳು.

ತೊಳೆಯಮ್ಮ ಬಗ್ಗಿ, ಬ್ರಷ್ಷನ್ನು ತಂಗಿಯ ಕಾಲಿನಿಂದ ಇನ್ನಷ್ಟು ದೂರಕ್ಕೆ ಸರಿಸಿದಳು.

ಮೇಡಂ ಮಾತ್ರ ನಿರಾಳವಾದಳು. ದಾರಿ ತಿಳಿಯಿತಲ್ಲ, ಇನ್ನು ಮುಚ್ಚಬಹುದು ಎಂದಳು. ಬದುಕಿ ಬಂದ ತೇಪೆಗೆ ಈ ರೋಗ ಮತ್ತೆ ಬರುವ ಭಯ ಇಲ್ಲ, ಅದು ಇಲ್ಲೇ ಇರಲಿ. ಎಳೆಯ ಮರಿಗಳನ್ನು ಬಹಳ ದಿನ ಕೊಡುವ ಹಾಗಿಲ್ಲ, ಆದರೆ ಮುಂದೆ ಲಸಿಕೆಯೆಲ್ಲ ಆದ ದೊಡ್ಡ ಬೆಕ್ಕುಗಳನ್ನು ಕಳಿಸುತ್ತೇನೆ ಎಂದಳು. ಲಾಡ್ಜಿನ ಶೆಡ್ಡಿಗೂ ತಾನೇ ಜನ ಕರೆದುಕೊಂಡು ಹೋಗಿ ನೋಡುತ್ತೇನೆ ಎಂದಳು. ಷರತ್ತು ಒಂದೇ. ಲಾಡ್ಜಿನ ಚಪ್ಪಲಿ, ಲಾಡ್ಜಿನ ಸೀರೆ, ಲಾಡ್ಜಿನ ಚೀಲ ಯಾವುದೂ ಹಿಂದಿನ ಕೋಣೆಯ ಹತ್ತಿರ ಸುಳಿಯಬಾರದು. ಬ್ರಷ್ಷು ಇವತ್ತೇ ಹೋಗಬೇಕು.

ಹೊರಡುವಾಗ ಮನೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ, ನಗದೆ ಹೇಳಿದಳು. "ಮನೆ ಬಹಳ ಚೆನ್ನಾಗಿ ತೊಳೆದಿದೀರಮ್ಮ. ಇನ್ನು ಇಲ್ಲಿ ತೊಳೀಬೇಕಾಗಿರೋದು ನೀವೊಬ್ರೇ."

ಬ್ರಷ್ಷನ್ನು ತಂಗಿಯೇ ಎರಡು ಕಡ್ಡಿಗಳಲ್ಲಿ ಎತ್ತಿ, ಚೀಲಕ್ಕೆ ಹಾಕಿ, ಬಾಯಿ ಕಟ್ಟಿದಳು. ಅಕ್ಕ ನೋಡುತ್ತ ನಿಂತಳು. ಮರುದಿನ ಲಾಡ್ಜಿನಲ್ಲಿ ಅವಳು ಸಾಮಾನಿನ ಕೋಣೆಯಿಂದ ಲಾಡ್ಜಿನದೇ ಬ್ರಷ್ಷೊಂದನ್ನು ಆರಿಸಿಕೊಂಡಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸಬಳು ಮಾತ್ರ ಧೈರ್ಯ ಮಾಡಿ, ಅದು ಹತ್ತು ಕೈ ಹಿಡಿದದ್ದಲ್ವಾ ಎಂದು ಕೇಳಿ ಬೈಸಿಕೊಂಡಳು.

ಈಗ ಸಂಜೆ ತೊಳೆಯಮ್ಮ ಕೆಲಸದಿಂದ ಬಂದರೆ ಮೊದಲು ಹಿತ್ತಲಿನ ಬಚ್ಚಲಲ್ಲಿ ಸೀರೆ ಬದಲಾಯಿಸಬೇಕು. ಮೊಣಕೈವರೆಗೆ ಕೈ ತೊಳೆಯಬೇಕು. ಆಮೇಲೆ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಲ್ಲಬೇಕು. ತಂಗಿ ಮೆಷಿನ್ನನ್ನು ಆ ಕೋಣೆಗೇ ಸಾಗಿಸಿಕೊಂಡಿದ್ದಾಳೆ, ಬಿಸಿಲು ಚೆನ್ನಾಗಿದೆಯಂತೆ. ಚೂರುಗಳನ್ನು ಜೋಡಿಸಿ ಹೊಸ ಕೌದಿಯೊಂದನ್ನು ಶುರು ಮಾಡಿದ್ದಾಳೆ. ಅದರ ಮೊದಲ ಚೌಕ ಅಕ್ಕನ ಲಾಡ್ಜಿನ ಹಳೆಯ ಸೀರೆಯದು, ಮೂರು ಸಲ ಬ್ಲೀಚಿನಲ್ಲಿ ಕುದಿಸಿ ಬಣ್ಣವೇ ಹೋದದ್ದು.

"ಅಕ್ಕ, ಕಾಲು," ಎನ್ನುತ್ತಾಳೆ, ಸೂಜಿಯಿಂದ ಕಣ್ಣೆತ್ತದೆ.

ಚಪ್ಪಲಿಗೆ ಮಾತ್ರ ಸಾಕು ಅಂತ ಡಾಕ್ಟರು ಹೇಳಿದ್ದರಲ್ಲ ಎಂದು ಮೊದಲ ದಿನ ಅಕ್ಕ ಕೇಳಿ ನೋಡಿದ್ದಳು. ಕಾಲೇನು ಚಪ್ಪಲಿಗಿಂತ ಮೇಲಾ ಎಂದು ಉತ್ತರ ಬಂದಿತ್ತು. ಈಗ ಕೇಳುವುದಿಲ್ಲ. ತಟ್ಟೆಯಲ್ಲಿ ಎರಡೂ ಕಾಲಿಟ್ಟು ನಿಲ್ಲುತ್ತಾಳೆ. ನಿಂತು, ಮೂಗು ಅರಳಿಸಿ, ಇವತ್ತು ನೀರೇ ಜಾಸ್ತಿಯಾಗಿದೆ, ಹೀಗೆ ಕಲೆಸಿದರೆ ಇರುವೆಯೂ ಸಾಯುವುದಿಲ್ಲ ಎಂದು ಗೊಣಗುತ್ತಾಳೆ. ತಂಗಿ ಕೇಳಿಸದವಳಂತೆ ಮೆಷಿನ್ನು ತುಳಿಯುತ್ತಾಳೆ.

ಒಳಗೆ ಕಿಟಕಿಯ ಬಿಸಿಲಿನಲ್ಲಿ ತೇಪೆ ಕೂತಿದೆ. ಮೈಮೇಲೆ ಮಾಂಸ ಬಂದಿದೆ. ಸೋಪಿಲ್ಲ, ಬ್ಲೀಚಿಲ್ಲ, ಬ್ರಷ್ಷಿಲ್ಲ, ನಾಲಿಗೆಯೊಂದರಲ್ಲೇ ಮುಂಗಾಲು ತೊಳೆದು, ಆ ಕಾಲಿನಲ್ಲಿ ಮುಖ ಒರೆಸಿಕೊಳ್ಳುತ್ತದೆ. ತೊಳೆಯಮ್ಮ ತಟ್ಟೆಯಲ್ಲಿ ನಿಂತೇ ಅದರ ಕೆಲಸವನ್ನು ಮೊದಲಿಂದ ಕೊನೆಯವರೆಗೆ ನೋಡುತ್ತಾಳೆ.

"ಏ ಹುಡುಗಿ, ನೋಡು ಅದನ್ನ. ಕಿವಿ ಹಿಂದೆ ಬಿಟ್ಟೇಬಿಡ್ತು."